ದೊಡ್ಡವರಿಗೊಂದು ಕಥೆ ಸಂಜೆ: ಶುರು ಮಾಡುವುದು ಹೇಗೆ, ನಿಲ್ಲದಂತೆ ನಡೆಸುವುದು ಹೇಗೆ

"ನಮ್ಮ ಬಡಾವಣೆಯಲ್ಲಿ ಕಥೆ ಹೇಳುವ ಕಾರ್ಯಕ್ರಮ ಮಾಡಬೇಕು ಅಂತಿದೆ. ಮಕ್ಕಳಿಗಲ್ಲ, ದೊಡ್ಡವರಿಗೆ. ಎಲ್ಲಿಂದ ಶುರು ಮಾಡಲಿ?" ಈ ಪ್ರಶ್ನೆ ಒಬ್ಬರಲ್ಲ ಒಬ್ಬರು ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧರ್ಧ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಬೆಂಗಳೂರಿನ ಅಪಾರ್ಟ್‌ಮೆಂಟಿಗೂ ಇದು ನಡೆಯುತ್ತದೆ, ತಾಲೂಕು ಕೇಂದ್ರದ ಗ್ರಂಥಾಲಯಕ್ಕೂ ನಡೆಯುತ್ತದೆ.

ಮೊದಲೇ ಒಂದು ಮಾತು. ಜಾಸ್ತಿ ಜನ ಶುರು ಮಾಡುವುದೇ ಒಳ್ಳೆಯ ಕಥೆಗಾರರನ್ನು ಹುಡುಕುವುದರಿಂದ. ಅದು ತಿರುಗುಮುರುಗು. ಮೊದಲು ಕೇಳುವವರನ್ನು ತಯಾರು ಮಾಡಿ, ಹೇಳುವವರು ಅವರೊಳಗಿನಿಂದಲೇ ಎದ್ದು ಬರುತ್ತಾರೆ. ನಮ್ಮ ಮನೆಗಳಲ್ಲಿ ಅಜ್ಜಿ ಕಥೆ ಹೇಳುವಾಗ ಎದುರಿಗೆ ಕೂತವರು "ಹೂಂ", "ಹೂಂ" ಅನ್ನಲೇಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಇದಕ್ಕೆ ಹೂಂಗುಟ್ಟುವುದು ಅನ್ನುತ್ತೇವೆ. ಕೆಳಗಿನ ಹಂತಗಳನ್ನೆಲ್ಲ ಈ ಹೂಂ ನಿಲ್ಲದಿರಲಿ ಅಂತಲೇ ಬರೆದಿದ್ದೇನೆ ಅಂದುಕೊಳ್ಳಿ.

ಬೇಕಾಗುವ ಸಾಮಾನು ಕಡಿಮೆ. 15ರಿಂದ 25 ಜನ ಕೂರುವ ಜಾಗ, ಎರಡು ಜಮಖಾನ, ಮಂಡಿ ನೋವಿರುವವರಿಗೆ ಒಂದಷ್ಟು ಕುರ್ಚಿ, ಕುಡಿಯುವ ನೀರು, ಒಂದು ಫ್ಲಾಸ್ಕ್ ಕಾಫಿ ಅಥವಾ ಟೀ, ಒಂದು ಗಡಿಯಾರ, ಒಂದು ಸಣ್ಣ ಗಂಟೆ. ಜೊತೆಗೆ ಇಬ್ಬರು ಗೆಳೆಯರು. ಒಬ್ಬರೇ ಮಾಡಲು ಹೋಗಬೇಡಿ, ಮೂರನೇ ತಿಂಗಳಿಗೆ ಸುಸ್ತಾಗುತ್ತೀರಿ.

1. ಏನು ಮಾಡುತ್ತಿದ್ದೀರಿ ಅಂತ ನಿಮಗೇ ಗೊತ್ತಿರಲಿ

ಕಥೆ ಸಂಜೆ ಅಂದ ಕೂಡಲೇ ಒಬ್ಬರು ಕವನ ತರುತ್ತಾರೆ, ಇನ್ನೊಬ್ಬರು ಭಾಷಣ ತರುತ್ತಾರೆ, ಮತ್ತೊಬ್ಬರು ವಾಟ್ಸಾಪ್‌ನಲ್ಲಿ ಬಂದ ನೀತಿಕಥೆ ಓದುತ್ತಾರೆ. ಹೀಗಾಗದಿರಲು ಒಂದೇ ನಿಯಮ ಸಾಕು: ಕೈಯಲ್ಲಿ ಕಾಗದ ಇರಬಾರದು, ಮೊಬೈಲ್ ಇರಬಾರದು. ಬಾಯಲ್ಲಿ ಹೇಳುವುದು ಅಷ್ಟೇ. ಬಾಯಿಪಾಠ ಮಾಡಿಕೊಂಡು ಒಪ್ಪಿಸುವುದೂ ಅಲ್ಲ, ನೆನಪಿನಿಂದ ಆ ಹೊತ್ತಿಗೆ ಬಂದ ಮಾತಿನಲ್ಲಿ ಹೇಳುವುದು.

ನಮ್ಮಲ್ಲಿ ಕಥೆ ಹೇಳುವ ದೊಡ್ಡ ದೊಡ್ಡ ಪರಂಪರೆಗಳಿವೆ. ಹರಿಕಥೆಯಲ್ಲಿ ದಾಸರು ಹಾಡು, ಮಾತು, ನಗೆ ಎಲ್ಲ ಸೇರಿಸಿ ಒಬ್ಬರೇ ಕಥೆ ನಡೆಸುತ್ತಾರೆ. ಗಮಕದಲ್ಲಿ ಒಬ್ಬರು ಕಾವ್ಯವನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುತ್ತಾರೆ, ಅದನ್ನೇ ವ್ಯಾಖ್ಯಾನ ಅನ್ನುವುದು. ಕರಾವಳಿಯ ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದೆ ಕೂತೇ ನಡೆಸುವ ಯಕ್ಷಗಾನ, ಅಲ್ಲಿ ಅರ್ಥಧಾರಿಗಳು ಪಾತ್ರವಾಗಿ ಆಶುವಾಗಿ ವಾದ ಮಾಡುತ್ತಾರೆ. ದಕ್ಷಿಣದಲ್ಲಿ ಕಂಸಾಳೆಯವರು ಮಲೆ ಮಹದೇಶ್ವರನ ಕಥೆ ಹಾಡುತ್ತಾರೆ, ನೀಲಗಾರರು ಮಂಟೇಸ್ವಾಮಿಯ ಕಥೆ ಹಾಡುತ್ತಾರೆ. ಇವೆಲ್ಲ ವರ್ಷಗಟ್ಟಲೆ ಕಲಿತು ಮಾಡುವ ಕೆಲಸ. ನೀವು ಮಾಡುತ್ತಿರುವುದು ಅದಲ್ಲ. ನೀವು ಮಾಡುತ್ತಿರುವುದು ಜಗಲಿಯ ಮೇಲೆ ಕೂತು ಹೇಳುವ ಮಾತಿನ ಕಥೆ. ಇದನ್ನು ಪ್ರಚಾರದ ಚೀಟಿಯಲ್ಲೇ ಬರೆದುಬಿಡಿ, ಇಲ್ಲದಿದ್ದರೆ ಹರಿಕಥೆ ನಿರೀಕ್ಷಿಸಿ ಬಂದ ಹಿರಿಯರು ಬೇಜಾರು ಮಾಡಿಕೊಂಡು ಹೋಗುತ್ತಾರೆ.

ಯಾವ ಬಗೆಯ ಕಥೆ ಅನ್ನುವುದನ್ನೂ ಹೇಳಿಬಿಡಿ. ಕೇಳಿದ ಕಥೆ, ಅಂದರೆ ಜನಪದ ಕಥೆ, ಪುರಾಣದ ತುಣುಕು, ಊರಿನ ಐತಿಹ್ಯ. ಇಲ್ಲವೇ ಕಂಡ ಕಥೆ, ಅಂದರೆ ಹೇಳುವವರಿಗೇ ಆದದ್ದು. ಎರಡನ್ನೂ ಒಂದೇ ಸಂಜೆಯಲ್ಲಿ ಇಡಬಹುದು. ಆದರೆ ಮೊದಲ ಎರಡು ಮೂರು ಸಂಜೆ ಕೇಳಿದ ಕಥೆಗಳೇ ಇರಲಿ ಅನ್ನುವುದು ನನ್ನ ಸಲಹೆ. ಕಂಡ ಕಥೆ ಹೇಳಲು ನಂಬಿಕೆ ಬೇಕು, ಪರಿಚಯವಿಲ್ಲದವರ ಮುಂದೆ ಅದು ಬೇಗ ಬರುವುದಿಲ್ಲ, ಬಂದರೆ ಸ್ವಂತದ ಹೊಗಳಿಕೆಯಾಗಿ ಬರುತ್ತದೆ.

2. ಜಾಗ ಮತ್ತು ಹೊತ್ತು

ಜಾಗ ನೋಡಲು ಹೋದಾಗ ಕಾರ್ಯಕ್ರಮ ಇರುವ ಹೊತ್ತಿಗೇ ಹೋಗಿ. ಮಧ್ಯಾಹ್ನ ತಣ್ಣಗಿದ್ದ ಸಭಾಂಗಣದ ಪಕ್ಕ ಸಂಜೆ ಏಳಕ್ಕೆ ಜನರೇಟರ್ ಹಾಕುತ್ತಾರೆ, ಎದುರಿನ ಮೈದಾನದಲ್ಲಿ ಫುಟ್‌ಬಾಲ್ ಶುರುವಾಗುತ್ತದೆ. ಕೋಣೆಯ ಮಧ್ಯೆ ನಿಂತು ಸಾಮಾನ್ಯ ದನಿಯಲ್ಲಿ ಮಾತಾಡಿ, ಗೆಳೆಯರು ಮೂಲೆಯಲ್ಲಿ ಕೂತು ಕೇಳಲಿ. ಕೇಳಿಸಿದರೆ ಜಾಗ ಸರಿ. ಫ್ಯಾನಿನ ಸದ್ದು ಕೂಡ ಕಡಿಮೆಯಲ್ಲ, ಗಮನಿಸಿ.

ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ಅರಿವು ಕೇಂದ್ರ ಅಂತ ಕರೆಯುತ್ತಾರೆ. ಅಲ್ಲಿಯ ಮೇಲ್ವಿಚಾರಕರನ್ನು ಮಾತಾಡಿಸಿ. ಶಾಲೆಯ ಒಂದು ಕೊಠಡಿ, ಅಪಾರ್ಟ್‌ಮೆಂಟಿನ ಟೆರೇಸ್, ಯಾರದೋ ಮನೆಯ ಹಜಾರ, ಎಲ್ಲವೂ ನಡೆಯುತ್ತದೆ. ದೇವಸ್ಥಾನದ ಜಗಲಿ ಸಿಕ್ಕರೆ ಚೆಂದ ಅಂತ ಅನ್ನಿಸಬಹುದು. ಯೋಚಿಸಿ ಒಪ್ಪಿಕೊಳ್ಳಿ. ಊರಿನ ಎಲ್ಲ ಜಾತಿಯವರೂ ಎಲ್ಲ ಧರ್ಮದವರೂ ಅಲ್ಲಿಗೆ ಸಂಕೋಚವಿಲ್ಲದೆ ಬಂದು ಕೂರುತ್ತಾರಾ? ಹೆಂಗಸರು ತಿಂಗಳ ಎಲ್ಲ ದಿನವೂ ಬರುತ್ತಾರಾ? ಅನುಮಾನ ಇದ್ದರೆ ಬೇರೆ ಜಾಗ ನೋಡಿ. ಯಾರು ಬರಲಿಲ್ಲ ಅನ್ನುವುದು ನಿಮಗೆ ಕಾಣುವುದೇ ಇಲ್ಲ, ಅದೇ ತೊಂದರೆ.

ಮೈಕ್ ಬೇಡ. 25 ಜನಕ್ಕೆ ಮೈಕ್ ಹಾಕಿದರೆ ಕಥೆ ಭಾಷಣವಾಗುತ್ತದೆ. ಹೂಂಗುಟ್ಟುವವರ ದನಿ ಮುಚ್ಚಿಹೋಗುತ್ತದೆ. ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕಲೇಬೇಕಾದರೆ ಮೊದಲೇ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ ಬರಹದಲ್ಲಿ ಅನುಮತಿ ಪಡೆಯಿರಿ. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಹೊರಗಡೆ ಧ್ವನಿವರ್ಧಕ ಬಳಸುವಂತಿಲ್ಲ.

ಕೂರುವ ಬಗೆ: ಅರ್ಧಚಂದ್ರಾಕಾರ. ಸಾಲು ಸಾಲಾಗಿ ಕುರ್ಚಿ ಹಾಕಿದರೆ ಹಿಂದಿನ ಸಾಲಿನವರು ಮೊಬೈಲ್ ತೆಗೆಯುತ್ತಾರೆ, ಇದರಲ್ಲಿ ಅನುಮಾನವೇ ಬೇಡ. ಹೇಳುವವರ ಬೆನ್ನು ಗೋಡೆಗಿರಲಿ, ಬಾಗಿಲಿಗಲ್ಲ. ತಡವಾಗಿ ಬಂದವರು ಅವರ ಹಿಂದಿನಿಂದ ನುಸುಳಿದರೆ ಎಲ್ಲರ ಕಣ್ಣೂ ಆ ಕಡೆ ಹೋಗುತ್ತದೆ. ಬೆಳಕು ತೀರ ಕಡಿಮೆ ಮಾಡಬೇಡಿ. ಕತ್ತಲೆ ವಾತಾವರಣ ಚೆಂದ ಅಂತ ದೀಪ ಆರಿಸುವವರಿದ್ದಾರೆ, ಆಗ ಹೇಳುವವರಿಗೆ ಕೇಳುವವರ ಮುಖವೇ ಕಾಣುವುದಿಲ್ಲ.

ದಿನ ಒಂದೇ ಇರಲಿ. ಹುಣ್ಣಿಮೆಯ ರಾತ್ರಿ ಅಂದರೆ ಕೇಳಲು ಚೆಂದ, ಬೆಳದಿಂಗಳಲ್ಲಿ ಟೆರೇಸ್ ಮೇಲೆ ಕೂರಬಹುದು. ಆದರೆ ಹುಣ್ಣಿಮೆ ಮಂಗಳವಾರವೂ ಬರುತ್ತದೆ, ಮರುದಿನ ಆಫೀಸಿಗೆ ಹೋಗುವವರು ಬರುವುದಿಲ್ಲ. ಪೇಟೆಗಳಲ್ಲಿ ತಿಂಗಳ ಎರಡನೇ ಶನಿವಾರ ಅನುಕೂಲ, ಬ್ಯಾಂಕಿಗೂ ಸರ್ಕಾರಿ ಕಚೇರಿಗೂ ಅವತ್ತು ರಜೆ. ಹಳ್ಳಿಯಲ್ಲಾದರೆ ಸುಗ್ಗಿಯ ತಿಂಗಳು ಬಿಟ್ಟುಬಿಡಿ. ಎಲ್ಲೇ ಆದರೂ ಐಪಿಎಲ್ ವೇಳಾಪಟ್ಟಿ ಒಮ್ಮೆ ನೋಡಿಕೊಳ್ಳಿ.

3. ಹೇಳುವವರನ್ನು ಹೊರಡಿಸುವುದು

"ಒಂದು ಕಥೆ ಹೇಳಿ" ಅಂತ ಕೇಳಿದರೆ ನೂರಕ್ಕೆ ತೊಂಬತ್ತು ಜನ "ಅಯ್ಯೋ ನನಗೆಲ್ಲಿ ಬರುತ್ತೆ" ಅನ್ನುತ್ತಾರೆ. ಹಾಗೆ ಕೇಳಲೇಬೇಡಿ. ಪ್ರಶ್ನೆ ಸಣ್ಣದಿರಲಿ, ಗುರಿ ಇರಲಿ. "ನಿಮ್ಮೂರಿನ ಕೆರೆಗೆ ಆ ಹೆಸರು ಯಾಕೆ ಬಂತು?" "ನಿಮ್ಮ ಕಡೆ ಗೌರಿ ಹಬ್ಬದಲ್ಲಿ ಯಾವ ಕಥೆ ಹೇಳ್ತಾರೆ?" "ನಿಮ್ಮ ಅಜ್ಜಿ ನಿಮ್ಮನ್ನ ಹೆದರಿಸೋಕೆ ಯಾರ ಹೆಸರು ಹೇಳ್ತಿದ್ರು?" ಇಂಥದ್ದಕ್ಕೆ ಉತ್ತರ ಹೇಳುತ್ತಾ ಹೇಳುತ್ತಾ ಅವರೇ ಕಥೆಯೊಳಗೆ ಇಳಿದಿರುತ್ತಾರೆ. ಆಗ ಮೆಲ್ಲಗೆ "ಇದನ್ನೇ ಶನಿವಾರ ಹೇಳಿ, ಇಷ್ಟೇ" ಅನ್ನಿ.

ಒಂದು ಸಂಜೆಗೆ ಐದು ಜನ ಹೇಳುವವರು ಸಾಕು. ಅದರಲ್ಲಿ ಇಬ್ಬರು ನಿಮ್ಮ ತಂಡದವರೇ ಆಗಿರಲಿ, ಕೊನೇ ಗಳಿಗೆಯಲ್ಲಿ ಒಬ್ಬರು ಖಂಡಿತ ಕೈ ಕೊಡುತ್ತಾರೆ.

ಎಲ್ಲರಿಗೂ ಅವರವರ ಕನ್ನಡ. ಧಾರವಾಡದ ಕಡೆಯವರು "ಒಂದೂರಾಗ" ಅಂತ ಶುರು ಮಾಡಲಿ, ಕುಂದಾಪುರದವರು ಅವರ ಹಾಗೆ ಹೇಳಲಿ. ಪುಸ್ತಕದ ಕನ್ನಡಕ್ಕೆ ತಿರುಗಿಸಿ ಅಂತ ಯಾರಿಗೂ ಹೇಳಬೇಡಿ, ಅರ್ಧ ಕಥೆ ಅಲ್ಲೇ ಸತ್ತುಹೋಗುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ಲಂಬಾಣಿ ಮಾತಾಡುವವರು ಇದ್ದರೆ ಅವರ ಕಥೆಯ ಹಾಡನ್ನೋ ಪಲ್ಲವಿಯಂಥ ಸಾಲನ್ನೋ ಅವರದೇ ಮಾತಿನಲ್ಲಿ ಹಾಡಿ, ಉಳಿದದ್ದನ್ನು ಕನ್ನಡದಲ್ಲಿ ಹೇಳಲಿ. ತುಳು ಪಾಡ್ದನದ, ಅಂದರೆ ತುಳುವಿನಲ್ಲಿ ಕಥೆ ಹೇಳುವ ಹಾಡಿನ, ಒಂದು ಸಾಲು ಕೇಳಿದ ಮೇಲೆ ಸಭೆಯ ಕಿವಿ ಬೇರೆಯೇ ಆಗುತ್ತದೆ.

ಪರಂಪರೆಯ ಕಲಾವಿದರನ್ನು ಕರೆಯುವುದಾದರೆ ಅದು ಬೇರೆಯೇ ಸಂಜೆಯಾಗಲಿ. ಮಂಟೇಸ್ವಾಮಿ, ಮಲೆ ಮಹದೇಶ್ವರರ ಕಥೆಗಳು ರಾತ್ರಿಯೆಲ್ಲ ಹಾಡುವಂಥವು. ಅವರಿಗೆ "ಹತ್ತು ನಿಮಿಷದಲ್ಲಿ ಮುಗಿಸಿ" ಅನ್ನುವುದು ಅವಮಾನ. ಅವರಿಗೆ ಅದು ದೈವದ ಕೆಲಸವೂ ಹೌದು, ಪೂಜೆ, ದೀಪ, ಕಾಣಿಕೆಯ ಕ್ರಮ ಇರುತ್ತದೆ, ಮೊದಲೇ ಕೇಳಿ ತಿಳಿದುಕೊಳ್ಳಿ. ಸಂಭಾವನೆ, ಬಸ್ ಚಾರ್ಜು, ಊಟ, ಮಲಗುವ ವ್ಯವಸ್ಥೆ ಎಲ್ಲವನ್ನೂ ಮುಂಚೆಯೇ ಮಾತಾಡಿ, ದುಡ್ಡನ್ನು ಅವತ್ತೇ ಕೈಗೆ ಕೊಡಿ. ಶಾಲು ಹೊದಿಸಿ ಕಳಿಸುವುದು ಸಂಭಾವನೆ ಅಲ್ಲ.

4. ಕಾರ್ಯಾಗಾರ: ಅರ್ಧ ದಿನ ಸಾಕು

ಮೊದಲ ಸಂಜೆಗೆ ಎರಡು ವಾರ ಮುಂಚೆ ಒಂದು ಕಾರ್ಯಾಗಾರ ಇಟ್ಟುಕೊಳ್ಳಿ. ಮೂರು ಗಂಟೆ, 10ರಿಂದ 12 ಜನ. ಇದರಲ್ಲಿ ಅಭಿನಯ, ದನಿ ಏರಿಳಿತ, ಕೈ ಆಡಿಸುವುದು ಇದ್ಯಾವುದನ್ನೂ ಕಲಿಸಲು ಹೋಗಬೇಡಿ. ಹಾಗೆ ಕಲಿಸಿದವರೆಲ್ಲ ಒಂದೇ ಥರ ಕಥೆ ಹೇಳುತ್ತಾರೆ, ಮಕ್ಕಳಿಗೆ ಹೇಳುವ ಹಾಗೆ, ಕಣ್ಣು ಅರಳಿಸಿಕೊಂಡು. ದೊಡ್ಡವರಿಗೆ ಅದು ಐದು ನಿಮಿಷಕ್ಕೆ ಸಾಕಾಗುತ್ತದೆ.

ಬೇಕಾದದ್ದು ಒಂದು ಕಥೆ. ನಾನು ಹೇಳುವುದಾದರೆ "ಕೆರೆಗೆ ಹಾರ" ತೆಗೆದುಕೊಳ್ಳಿ. ಉತ್ತರ ಕರ್ನಾಟಕದ ಈ ಕಥನಗೀತೆ, ಅಂದರೆ ಕಥೆ ಹೇಳುವ ಜನಪದ ಹಾಡು, ಬಹಳ ಜನಕ್ಕೆ ಗೊತ್ತಿರುತ್ತದೆ. ಗೊತ್ತಿದ್ದರೂ ಪೂರ್ತಿ ನೆನಪಿರುವುದಿಲ್ಲ, ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಮೊದಲ ಕೆಲಸ, ಹಂದರ ತೆಗೆಯುವುದು. ಹಂದರ ಅಂದರೆ ಮಾತು, ಬಣ್ಣನೆ ಎಲ್ಲ ಕಳೆದ ಮೇಲೆ ಉಳಿಯುವ ಘಟನೆಗಳು. ಎಂಟು ಸಾಲಿಗಿಂತ ಜಾಸ್ತಿ ಬೇಡ. ಹೀಗೆ:

ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ.
ಶಾಸ್ತ್ರ ಕೇಳಿದರು, ಸೊಸೆಯನ್ನು ಬಲಿ ಕೊಡಬೇಕು ಅಂತಾಯಿತು, ಕಿರಿಸೊಸೆ ಭಾಗೀರತಿ ಅಂತ ಗೊತ್ತಾಯಿತು.
ಅವಳಿಗೆ ತಿಳಿಯಿತು, ತವರಿಗೆ ಹೋದಳು.
ಅಪ್ಪ ಅವ್ವನಿಗೆ ನಿಜ ಹೇಳಲಿಲ್ಲ, ಗೆಳತಿಗೆ ಹೇಳಿದಳು.
ಗಂಡನ ಮನೆಗೆ ಮರಳಿ ಅಡುಗೆ ಮಾಡಿದಳು.
ಎಲ್ಲರೂ ಗಂಗೆ ಪೂಜೆಗೆ ಹೋದರು, ಬಂಗಾರದ ಬಟ್ಟಲು ಮರೆತು ಬಂದರು, ತರಲು ಅವಳು ಹೋದಳು.
ಮೆಟ್ಟಿಲು ಮೆಟ್ಟಿಲಿಗೆ ನೀರು ಏರಿತು.
ದಂಡಿನಲ್ಲಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಓಡಿ ಬಂದ, ವಿಷಯ ತಿಳಿದು ಕೆರೆಗೆ ಹಾರಿದ.

ಇಷ್ಟನ್ನು ಕಪ್ಪು ಹಲಗೆಯ ಮೇಲೆ ಬರೆದು ಒಂದೈದು ನಿಮಿಷ ಬಿಟ್ಟು ಅಳಿಸಿಬಿಡಿ. ಜನ ಗಾಬರಿಯಾಗುತ್ತಾರೆ, ಆಗಲಿ.

ಎರಡನೇ ಕೆಲಸ, ಇಬ್ಬಿಬ್ಬರಾಗಿ ಕೂತು ಹೇಳುವುದು. ಒಬ್ಬರು ಹೇಳಬೇಕು, ಇನ್ನೊಬ್ಬರು ಹೂಂಗುಟ್ಟಬೇಕು. ಬೇರೆ ಏನೂ ಮಾತಾಡುವಂತಿಲ್ಲ. ಹತ್ತು ನಿಮಿಷ. ಆಮೇಲೆ ಜೋಡಿ ಬದಲಿಸಿ ಅದೇ ಕಥೆ ಐದು ನಿಮಿಷದಲ್ಲಿ. ಮತ್ತೆ ಜೋಡಿ ಬದಲಿಸಿ ಎರಡು ನಿಮಿಷದಲ್ಲಿ. ಎರಡು ನಿಮಿಷಕ್ಕೆ ಇಳಿಸಿದಾಗ ಯಾವುದು ಉಳಿಯಿತೋ ಅದೇ ಆ ಹೇಳುವವರ ಕಥೆ. ಒಬ್ಬರಿಗೆ ನೀರು ಏರುವುದು ಉಳಿದಿರುತ್ತದೆ, ಇನ್ನೊಬ್ಬರಿಗೆ ಗಂಡ ಕುದುರೆ ಏರಿ ಬರುವುದು. ಇದಾದ ಮೇಲೆ ಇನ್ನೊಮ್ಮೆ ಎಂಟು ನಿಮಿಷಕ್ಕೆ ಹಿಗ್ಗಿಸಿ ಹೇಳಿಸಿ, ವ್ಯತ್ಯಾಸ ನೀವೇ ನೋಡುತ್ತೀರಿ.

ಮೂರನೇ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಹಾಡಿನಲ್ಲಿ ಭಾಗೀರತಿ ತವರಿನಲ್ಲಿ ಅಪ್ಪ ಅವ್ವನ ಮುಂದೆ ತನ್ನ ದುಃಖಕ್ಕೆ ಬೇರೆ ಕಾರಣ ಹೇಳುತ್ತಾಳೆ, ಅತ್ತೆ ಮಾವ ಬೇರೆ ಇಡುತ್ತಾರಂತೆ ಅಂತ. ಅಪ್ಪ ಇಡಲಿ ಬಿಡು, ಹೊಲ ಮನೆ ಕೊಡಿಸುತ್ತೇನೆ ಅನ್ನುತ್ತಾನೆ. ಗೆಳತಿಗೆ ಮಾತ್ರ ನಿಜ ಹೇಳುತ್ತಾಳೆ. ಗೆಳತಿ ತಡೆಯುವುದಿಲ್ಲ, ಇಟ್ಟ ಹಾಗೆ ಇರಬೇಕು ಅನ್ನುತ್ತಾಳೆ. ಈಗ ನಿಮ್ಮ ಗುಂಪಿಗೆ ಹೇಳಿ: ಕಥೆಯನ್ನು ಆ ಗೆಳತಿಯ ಬಾಯಿಂದ ಹೇಳಿ. ಅಥವಾ ಆ ಅಪ್ಪನ ಬಾಯಿಂದ, ಮಗಳು ಹೋದ ಸುದ್ದಿ ಬಂದ ಮೇಲೆ. ಕೋಣೆ ಒಮ್ಮೆಲೇ ಸುಮ್ಮನಾಗುತ್ತದೆ. ಶಾಲೆಯಲ್ಲಿ ತ್ಯಾಗದ ಪಾಠ ಅಂತ ಓದಿಸಿದ್ದು ಇದೇನಾ ಅಂತ ಐವತ್ತು ದಾಟಿದವರು ಮುಖ ಮುಖ ನೋಡಿಕೊಳ್ಳುತ್ತಾರೆ. ದೊಡ್ಡವರಿಗೆ ಕಥೆ ಯಾಕೆ ಅಂತ ಆಮೇಲೆ ಯಾರೂ ಕೇಳುವುದಿಲ್ಲ.

ಇನ್ನೊಂದು ಗಮನಿಸಿ. ನೀರು ಒಂದೊಂದೇ ಮೆಟ್ಟಿಲಿಗೆ ಏರುವ ಜಾಗದಲ್ಲಿ ಹಾಡು ಒಂದೇ ಬಗೆಯ ಸಾಲನ್ನು ಸ್ವಲ್ಪ ಸ್ವಲ್ಪ ಬದಲಿಸಿ ಮತ್ತೆ ಮತ್ತೆ ಹೇಳುತ್ತದೆ. ಪಾದ ಮುಳುಗಿತು, ಮುಂದಿನ ಮೆಟ್ಟಿಲಿಗೆ ಇನ್ನಷ್ಟು. ಬಾಯಿ ಮಾತಿನ ಕಥೆಗೆ ಇದೇ ಬೆನ್ನೆಲುಬು. ಹೇಳುವವರಿಗೆ ನೆನಪಿಟ್ಟುಕೊಳ್ಳಲು ಸುಲಭ, ಕೇಳುವವರಿಗೆ ಮುಂದೇನು ಅಂತ ಗೊತ್ತಾಗಿ ಹೂಂ ಅನ್ನಲು ಸುಲಭ. ಓದುವಾಗ ಬೇಸರ ತರಿಸುವ ಪುನರಾವರ್ತನೆ ಕೇಳುವಾಗ ಬೇಕೇ ಬೇಕು. ಅದಕ್ಕೇ ಬರೆದ ಸಣ್ಣಕಥೆಯನ್ನು ಹಾಗೇ ಹೇಳಲು ಹೋದರೆ ಸೋಲುತ್ತದೆ.

ಕೊನೆಯ ಕೆಲಸ, ಮೊದಲ ಸಾಲು ಮತ್ತು ಕೊನೆಯ ಸಾಲು. ಇವೆರಡನ್ನು ಮಾತ್ರ ಬಾಯಿಪಾಠ ಮಾಡಬಹುದು. ಹೆಚ್ಚಿನವರು ತಡವರಿಸುವುದು ಶುರುವಿನಲ್ಲಿ, ಎಡವುವುದು ಮುಗಿಸುವಾಗ. ಮುಗಿಸಲು ಗೊತ್ತಾಗದೆ "ಸೋ... ಇದರಿಂದ ನಮಗೆ ತಿಳಿಯುವುದೇನೆಂದರೆ" ಅಂತ ನೀತಿಗೆ ಜಾರುತ್ತಾರೆ. ಹಳಬರು ಮುಗಿಸುತ್ತಿದ್ದದ್ದು ಹೇಗೆ? "ಅವರು ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿ ಹೀಗಿದ್ದೀವಿ." ಮುಗೀತು. ಅಂಥದ್ದೊಂದು ಸಾಲು ಇಟ್ಟುಕೊಳ್ಳಿ.

5. ಸಂಜೆ ನಡೆಸುವುದು

ಒಟ್ಟು ಒಂದೂವರೆ ಗಂಟೆ. ಅದಕ್ಕಿಂತ ಜಾಸ್ತಿ ಎಳೆಯಬೇಡಿ, "ಇನ್ನೊಂದು ಇರಬೇಕಿತ್ತು" ಅಂತ ಅನ್ನಿಸುವಾಗಲೇ ನಿಲ್ಲಿಸಿ. ಒಂದು ಕಥೆಗೆ ಏಳೆಂಟು ನಿಮಿಷ. ಏಳನೇ ನಿಮಿಷಕ್ಕೆ ಒಮ್ಮೆ ಗಂಟೆ, ಒಂಬತ್ತಕ್ಕೆ ಇನ್ನೊಮ್ಮೆ. ಗಂಟೆಯನ್ನು ಊರಿನ ಹಿರಿಯರೊಬ್ಬರ ಕೈಗೆ ಕೊಡಿ, ಆಗ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹೇಳಿದ ಹೊತ್ತಿಗೆ ಶುರು ಮಾಡಿ. ಐದೇ ಜನ ಬಂದಿದ್ದರೂ ಶುರು ಮಾಡಿ. ಪ್ರಾರ್ಥನೆ, ಸ್ವಾಗತ, ಅಧ್ಯಕ್ಷರ ನುಡಿ, ನೆನಪಿನ ಕಾಣಿಕೆ, ವಂದನಾರ್ಪಣೆ ಇವನ್ನೆಲ್ಲ ಸೇರಿಸಿದರೆ ಕಥೆಗೆ ಉಳಿಯುವುದು ಇಪ್ಪತ್ತು ನಿಮಿಷ. ಯಾರನ್ನೂ ವೇದಿಕೆಗೆ ಕರೆಯಬೇಡಿ. ವೇದಿಕೆಯೇ ಬೇಡ.

ಮೊದಲ ಕಥೆ ನಿರೂಪಕರದ್ದೇ ಇರಲಿ, ಚಿಕ್ಕದಿರಲಿ. ಎಲ್ಲಿಂದ ತರಲಿ ಅನ್ನುವವರಿಗೆ ಒಂದು ಹೇಳುತ್ತೇನೆ. ಎ.ಕೆ. ರಾಮಾನುಜನ್ ಅವರು ಕನ್ನಡನಾಡಿನಲ್ಲಿ ಸಂಗ್ರಹಿಸಿದ ಕಥೆಗಳಲ್ಲಿ ಒಂದಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿ ಅವು ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು, ಒಂದು ಗಂಡಸಿನ ಜೋಡಾಯಿತು, ಇನ್ನೊಂದು ಗಂಡಸಿನ ಕೋಟಾಯಿತು. ಗಂಡ ಬಂದು ನೋಡಿದ, ಯಾರದ್ದು ಇದು ಅಂತ ಜಗಳವಾಯಿತು, ಸಿಟ್ಟಿನಿಂದ ಹೋಗಿ ಹನುಮಂತನ ಗುಡಿಯಲ್ಲಿ ಮಲಗಿದ. ಊರಿನ ಮನೆಗಳಲ್ಲಿ ಆರಿಸಿದ ದೀಪಗಳ ಕುಡಿಗಳೆಲ್ಲ ರಾತ್ರಿ ಅಲ್ಲಿ ಸೇರಿ ಮಾತಾಡುತ್ತಿದ್ದವು, ಅವುಗಳಿಂದ ಅವನಿಗೆ ನಿಜ ತಿಳಿಯಿತು. ಮನೆಗೆ ಬಂದು ಆ ಕಥೆ ಯಾವುದು ಅಂತ ಕೇಳಿದರೆ ಅವಳಿಗೆ ಮರೆತೇ ಹೋಗಿತ್ತು. ಇದನ್ನು ನಾಲ್ಕೈದು ನಿಮಿಷದಲ್ಲಿ ಹೇಳಬಹುದು, ನಗುವೂ ಇದೆ, ಹೇಳದಿದ್ದರೆ ಏನಾಗುತ್ತದೆ ಅನ್ನುವುದನ್ನೂ ನೀವು ಬಾಯಿ ಬಿಟ್ಟು ಹೇಳಬೇಕಾಗಿಲ್ಲ.

ಕ್ರಮ: ಚಿಕ್ಕದು, ನಗಿಸುವುದು, ಭಾರದ್ದು, ಕಾಫಿ, ಮತ್ತೆ ಹಗುರಾದ್ದು, ಕೊನೆಗೆ ನಂಬಿಕೆಯ ಒಬ್ಬರು. ಭಾರದ ಕಥೆ ಆದ ಕೂಡಲೇ ಇನ್ನೊಂದನ್ನು ಕರೆಯಬೇಡಿ, ಸ್ವಲ್ಪ ಹೊತ್ತು ಸುಮ್ನೆ ಬಿಡಿ.

ಹೂಂಗುಟ್ಟುವುದನ್ನು ಮೊದಲೇ ಅಭ್ಯಾಸ ಮಾಡಿಸಿ. ಪೇಟೆಯ ಸಭೆ ಕೈ ಕಟ್ಟಿಕೊಂಡು ಕೂರುತ್ತದೆ, ಮರ್ಯಾದೆ ಅಂದರೆ ಮೌನ ಅಂತ. ಶುರುವಿನಲ್ಲೇ ಹೇಳಿ, "ಇಲ್ಲಿ ಹೂಂ ಅನ್ನಬೇಕು, ಆಮೇಲೆ ಅಂತ ಕೇಳಬೇಕು." ನಿಮ್ಮ ತಂಡದ ಇಬ್ಬರು ಬೇರೆ ಬೇರೆ ಮೂಲೆಯಲ್ಲಿ ಕೂತು ಶುರು ಮಾಡಿಕೊಡಲಿ. ಮೊದಲ ಕಥೆಗೆ ನಾಚಿಕೆ, ಎರಡನೆಯದಕ್ಕೆ ನಾಲ್ಕು ಜನ, ಮೂರನೆಯದಕ್ಕೆ ಇಡೀ ಕೋಣೆ. ಹೂಂ ತೆಳ್ಳಗಾದರೆ ಕಥೆ ಎಲ್ಲೋ ಜಾಳಾಗಿದೆ ಅಂತ ಹೇಳುವವರಿಗೂ ತಿಳಿಯುತ್ತದೆ, ಅವರು ಅಲ್ಲೇ ಸರಿ ಮಾಡಿಕೊಳ್ಳುತ್ತಾರೆ.

ಕಥೆ ಮುಗಿದ ಮೇಲೆ ವಿಮರ್ಶೆ ಬೇಡ. "ತುಂಬಾ ಚೆನ್ನಾಗಿತ್ತು, ಆದರೆ..." ಅನ್ನುವ ಒಬ್ಬರು ಎಲ್ಲ ಊರಲ್ಲೂ ಇರುತ್ತಾರೆ. "ನಮ್ಮ ಕಡೆ ಈ ಕಥೆ ಹೀಗಲ್ಲ" ಅನ್ನುವವರೂ ಇರುತ್ತಾರೆ. ಎರಡನೆಯವರು ನಿಮಗೆ ಬೇಕಾದವರು. "ಹಾಗಾದ್ರೆ ಮುಂದಿನ ತಿಂಗಳು ನಿಮ್ಮ ಕಡೆಯದ್ದು ಹೇಳಿ" ಅಂತ ಅಲ್ಲೇ ಹೆಸರು ಬರೆದುಕೊಳ್ಳಿ. ಮೊದಲನೆಯವರಿಗೆ ಕಾಫಿ ಬಡಿಸುವ ಕೆಲಸ ಕೊಡಿ.

6. ಎಚ್ಚರ ಬೇಕಾದ ಜಾಗಗಳು

ನಮ್ಮ ಜನಪದ ಕಥೆ, ಗಾದೆಗಳಲ್ಲಿ ಜಾತಿ ಹೆಸರು ಹಿಡಿದು ಹಂಗಿಸುವುದಿದೆ, ವಿಧವೆಯರನ್ನು, ಕುರುಡರನ್ನು, ಮಂಗಳಮುಖಿಯರನ್ನು ಆಡಿಕೊಳ್ಳುವುದಿದೆ. "ಹಳೇ ಕಥೆ, ಇದ್ದ ಹಾಗೆ ಹೇಳಬೇಕು" ಅನ್ನುವ ವಾದ ಬರುತ್ತದೆ. ಬಾಯಿ ಮಾತಿನ ಕಥೆ ಯಾವತ್ತೂ ಇದ್ದ ಹಾಗೆ ಇರಲಿಲ್ಲ, ಹೇಳುವವರೆಲ್ಲ ಬದಲಿಸಿಯೇ ಹೇಳಿದ್ದಾರೆ. ಎದುರಿಗೆ ಕೂತವರ ಮುಖ ನೋಡಿ ಹೇಳಲಾಗದ್ದನ್ನು ಬಿಟ್ಟುಬಿಡಿ. ಕಾರ್ಯಾಗಾರದಲ್ಲೇ ಇದನ್ನು ಮಾತಾಡಿಕೊಂಡರೆ ಸಂಜೆಯಲ್ಲಿ ಮುಜುಗರ ಇರುವುದಿಲ್ಲ.

ಕಂಡ ಕಥೆಗಳಲ್ಲಿ ಬೇರೆಯವರ ಬದುಕು ಬರುತ್ತದೆ. ನಾದಿನಿಯ ಮದುವೆ ಮುರಿದದ್ದು, ಪಕ್ಕದ ಮನೆಯವರ ಸಾಲ, ಇವೆಲ್ಲ ಅವರ ಕಥೆ, ಹೇಳುವವರದ್ದಲ್ಲ. ಹೆಸರು ಬದಲಿಸಿದರೆ ಸಾಲದು, ಸಣ್ಣ ಊರಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಇನ್ನು ಹೇಳುವಾಗಲೇ ಅಳು ತಡೆಯಲಾಗದ ಕಥೆ ಇದ್ದರೆ, ಅದನ್ನು ಮೊದಲು ಒಬ್ಬ ಗೆಳೆಯರ ಮುಂದೆ ಹೇಳಲಿ, ಸಭೆಗೆ ಆಮೇಲೆ ನೋಡೋಣ. ಅಂಥ ಸಂದರ್ಭ ಬಂದೇಬಿಟ್ಟರೆ ನಿರೂಪಕರು ಹೋಗಿ ಪಕ್ಕದಲ್ಲಿ ಕೂರಬೇಕು, ನೀರು ಕೊಡಬೇಕು, ಚಪ್ಪಾಳೆ ಹೊಡೆಸಬಾರದು.

ಲೇಖಕರ ಕಥೆ ಹೇಳಬಹುದಾ ಅಂತ ಕೇಳುತ್ತಾರೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಅಂದರೆ ಆ ಕೃತಿಯ ಮೇಲಿನ ಹಕ್ಕು ಅವರದ್ದೋ ವಾರಸುದಾರರದ್ದೋ ಆಗಿರುತ್ತದೆ. ದುಡ್ಡು ತೆಗೆದುಕೊಳ್ಳದೆ ಹತ್ತಿಪ್ಪತ್ತು ಜನರ ಮುಂದೆ ಹೇಳುವುದು ಒಂದು, ಟಿಕೆಟ್ ಇಟ್ಟು ಹೇಳುವುದು ಅಥವಾ ಯೂಟ್ಯೂಬಿಗೆ ಹಾಕುವುದು ಬೇರೆಯೇ. ಟಿಕೆಟ್, ವಿಡಿಯೋ ಎರಡರಲ್ಲಿ ಒಂದಿದ್ದರೂ ಲೇಖಕರ ಅಥವಾ ಅವರ ಮನೆಯವರ ಒಪ್ಪಿಗೆ ಕೇಳಿ. ಎಲ್ಲಿ ಹೇಳಿದರೂ ಲೇಖಕರ ಹೆಸರು ಹೇಳಿ. ಜನಪದ ಕಥೆಯಾದರೆ ಯಾರಿಂದ ಕೇಳಿದ್ದು, ಯಾವ ಊರಿನಲ್ಲಿ ಅನ್ನುವುದನ್ನು ಹೇಳಿ.

ರೆಕಾರ್ಡಿಂಗ್ ವಿಷಯದಲ್ಲಿ ನನ್ನದು ಕಟ್ಟುನಿಟ್ಟು: ಬೇಡ. ಕ್ಯಾಮೆರಾ ಇಟ್ಟ ಕೂಡಲೇ ಜನ ಎದುರಿಗಿರುವವರನ್ನು ಬಿಟ್ಟು ಅದಕ್ಕೆ ಹೇಳಲು ಶುರು ಮಾಡುತ್ತಾರೆ. ವಯಸ್ಸಾದವರ ಅಪರೂಪದ ಕಥೆ ಉಳಿಸಿಕೊಳ್ಳಬೇಕು ಅನ್ನಿಸಿದರೆ ಬೇರೆ ದಿನ ಅವರ ಮನೆಗೆ ಹೋಗಿ, ಕೇಳಿ ಒಪ್ಪಿಗೆ ಪಡೆದು ಮಾಡಿಕೊಳ್ಳಿ, ಒಂದು ಪ್ರತಿಯನ್ನು ಅವರ ಮನೆಯವರಿಗೆ ಕೊಡಿ.

7. ದುಡ್ಡು

ಪ್ರವೇಶ ಶುಲ್ಕ ಇಡಬೇಡಿ. ಬಾಗಿಲ ಹತ್ತಿರ ಒಂದು ಡಬ್ಬ ಇಡಿ, ಕಾಫಿ ಖರ್ಚು ಅದರಲ್ಲೇ ಹೊರಡುತ್ತದೆ. ಪ್ರಾಯೋಜಕರು ಬಂದರೆ ಅವರ ಬ್ಯಾನರ್, ಅವರ ಎರಡು ಮಾತು, ಅವರ ಮಗಳ ಭರತನಾಟ್ಯ ಎಲ್ಲ ಬರುತ್ತದೆ. ಕಾರ್ಯಾಗಾರಕ್ಕೆ ಮಾತ್ರ ಸಣ್ಣ ಶುಲ್ಕ ಇಡಬಹುದು, ದುಡ್ಡು ಕೊಟ್ಟವರು ತಪ್ಪಿಸಿಕೊಳ್ಳುವುದು ಕಡಿಮೆ.

8. ನಿಲ್ಲದಂತೆ ನೋಡಿಕೊಳ್ಳುವುದು

ಎರಡನೇ ಸಂಜೆಯ ದಿನವನ್ನು ಮೊದಲ ಸಂಜೆ ಮುಗಿಯುವ ಮುಂಚೆಯೇ ಹೇಳಿ. ಮೊದಲ ಸಲ ಕುತೂಹಲಕ್ಕೆ ಬಂದವರಲ್ಲಿ ಅರ್ಧ ಜನ ಮತ್ತೆ ಬರುವುದಿಲ್ಲ. ತಲೆ ಕೆಡಿಸಿಕೊಳ್ಳಬೇಡಿ, ಜಮಖಾನ ಒಂದು ತೆಗೆದು ಹತ್ತಿರ ಹತ್ತಿರ ಕೂರಿಸಿ. ಎಂಟು ಜನರ ಸಂಜೆಗಳೇ ಎಷ್ಟೋ ಸಲ ಚೆನ್ನಾಗಿರುತ್ತವೆ. ಪ್ರತಿ ತಿಂಗಳೂ ವಿಷಯ ಕೊಡಬೇಕಾ ಅಂತ ಕೇಳುತ್ತಾರೆ. ಕೊಡಿ, ಆದರೆ ಹಿಡಿಯಲು ಸುಲಭವಾದದ್ದು ಕೊಡಿ: ಬಾವಿ, ಬೀಗ, ರಾತ್ರಿ ಬಸ್ಸು, ಅತ್ತೆ. "ಮಾನವೀಯ ಮೌಲ್ಯಗಳು" ಅಂತ ಕೊಟ್ಟರೆ ಭಾಷಣಗಳು ಬರುತ್ತವೆ. ಮಾರ್ಚ್ 20 ಜಗತ್ತಿನ ಹಲವು ಕಡೆ ಕಥೆ ಹೇಳುವ ದಿನ, ಆ ತಿಂಗಳು ಬೇಕಾದರೆ ಪಕ್ಕದ ಬಡಾವಣೆಯವರನ್ನೂ ಕರೆಯಿರಿ.

ದುಬೈ, ಸಿಂಗಪುರ, ಅಮೆರಿಕದಲ್ಲಿರುವ ಕನ್ನಡದವರು ಆನ್‌ಲೈನ್ ನಡೆಯುತ್ತದಾ ಅಂತ ಕೇಳುತ್ತಾರೆ. ನಡೆಯುತ್ತದೆ, ಆದರೆ ಹೂಂ ತಡವಾಗಿ ತಲುಪುತ್ತದೆ, ಎಲ್ಲರ ಮೈಕ್ ತೆರೆದರೆ ಗದ್ದಲ, ಮುಚ್ಚಿದರೆ ಹೇಳುವವರು ಗೋಡೆಗೆ ಮಾತಾಡಿದ ಹಾಗೆ. ಒಂದು ಕಥೆಗೆ ಇಬ್ಬರ ಮೈಕ್ ಮಾತ್ರ ತೆರೆದಿಡಿ, ಹೂಂಗುಟ್ಟುವ ಸರದಿ ಅವರದ್ದು, ಮುಂದಿನ ಕಥೆಗೆ ಬೇರೆ ಇಬ್ಬರು. ಕ್ಯಾಮೆರಾ ಎಲ್ಲರದ್ದೂ ಆನ್ ಇರಬೇಕು. ಒಂದು ಗಂಟೆಗಿಂತ ಜಾಸ್ತಿ ಬೇಡ. ಇನ್ನು ಒಂದೇ ಊರಿನಲ್ಲಿ ಆರೇಳು ಕನ್ನಡದ ಮನೆಗಳಿದ್ದರೆ ಪರದೆ ಬಿಟ್ಟು ಒಬ್ಬರ ಮನೆಯಲ್ಲಿ ಸೇರಿ, ಅಡುಗೆ ಎಲ್ಲರೂ ಒಂದೊಂದು ತನ್ನಿ.

ನಿರೂಪಣೆಯನ್ನು ಆರನೇ ತಿಂಗಳಿಗೆ ಬೇರೆಯವರಿಗೆ ಬಿಟ್ಟುಕೊಡಿ. ಫೋನ್ ನಂಬರುಗಳ ಪಟ್ಟಿ, ಗಂಟೆ, ಕೋಣೆಯ ಬೀಗದ ಕೈ ಮೂರನ್ನೂ ಅವರಿಗೇ ಕೊಟ್ಟು, ನೀವು ಹೋಗಿ ಕೇಳುವವರ ಜೊತೆ ಕೂತುಕೊಳ್ಳಿ.